ನಾಲ್ಕನೇ ಪುಡಿಯ ವಾಸನೆ

ಸೋಮವಾರ ಮಧ್ಯಾಹ್ನ ಅಕ್ಕ ಇನ್‌ಕ್ಯುಬೇಟರಿನ ಬಾಗಿಲು ತೆಗೆದು, ನಿನ್ನೆಯಿಂದ ಬೆಚ್ಚಗೆ ಕೂತಿದ್ದ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರೊಳಗಿನ ತಿಳಿ ವೃತ್ತವನ್ನು ಸ್ಕೇಲಿಟ್ಟು ಅಳೆದಳು. ಒಂಬತ್ತು ಮಿಲಿಮೀಟರ್. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಅಳೆದಳು. ಒಂಬತ್ತೇ. ಅದರಲ್ಲಿ ಆರು ಮಿಲಿಮೀಟರು ಅವಳೇ ಕೊರೆದ ಗುಳಿಯದು. ಉಳಿದ ಮೂರಕ್ಕೆ ಅವಳು ಎಂಟು ವರ್ಷ ಸವೆಸಿದ್ದಳು.

ಅಕ್ಕ ಎಂದರೆ ಆ ಪ್ರಯೋಗಾಲಯಕ್ಕೆಲ್ಲ ಅಕ್ಕ. ವಯಸ್ಸು ನಲವತ್ತೆರಡು. ಅವಳ ಜೊತೆ ಪಿಎಚ್‌ಡಿಗೆ ಸೇರಿದವರು ಮುಗಿಸಿ ಹೋದರು, ಆಮೇಲೆ ಸೇರಿದವರೂ ಹೋದರು, ಈಗಿರುವ ಹುಡುಗ ಹುಡುಗಿಯರು ಅವಳು ಸೇರಿದಾಗ ಶಾಲೆಯಲ್ಲಿದ್ದರು. ಬೆಳಿಗ್ಗೆ ಒಂದು ಕಾಲೇಜಿನಲ್ಲಿ ಗಂಟೆ ಲೆಕ್ಕದಲ್ಲಿ ಪಾಠ ಹೇಳಿ, ಅಲ್ಲಿಂದ ಎರಡು ಬಸ್ಸು ಬದಲಿಸಿ, ಇಲ್ಲಿ ಬಂದು ಫ್ಲಾಸ್ಕು ಹಿಡಿಯುವುದು ಅವಳ ದಿನಚರಿ. ಮಗಳೂ ಥೀಸಿಸ್ಸೂ ಒಂದೇ ವರ್ಷ ಹುಟ್ಟಿದವು. ಮಗಳು ಮೂರನೇ ಕ್ಲಾಸಿಗೆ ಬಂದಳು. ಥೀಸಿಸ್ಸು ಮಾತ್ರ ಐದನೇ ಅಧ್ಯಾಯದಲ್ಲಿ ಇನ್ನೂ ಅಂಬೆಗಾಲಿಡುತ್ತಿತ್ತು.

ಅವಳ ಕೆಲಸ ಹೇಳಿಕೊಳ್ಳಲು ದೊಡ್ಡದು, ಮಾಡಲು ಅಡುಗೆಮನೆಯ ಕೆಲಸದ ಹಾಗೇ. ಒಂದು ಆಲ್ಡಿಹೈಡ್, ಒಂದು ಅಮೀನ್. ಎರಡನ್ನೂ ಆಲ್ಕೋಹಾಲಿನಲ್ಲಿ ಹಾಕಿ ಮೂರು ಗಂಟೆ ಕುದಿಸಿದರೆ ನಡುವಿನಿಂದ ಒಂದು ನೀರಿನ ಅಣು ಕಳಚಿಕೊಂಡು, ಅವೆರಡೂ ಕೂಡಿಕೊಂಡು, ತಣ್ಣಗಾದ ಮೇಲೆ ತಳದಲ್ಲಿ ಹಳದಿ ಹರಳು ನಿಲ್ಲುತ್ತದೆ. ಇದಕ್ಕೆ ಶಿಫ್ ಬೇಸ್ ಎನ್ನುತ್ತಾರೆ. ಈ ಹರಳಿಗೆ ಲೋಹದ ಉಪ್ಪು ಬೆರೆಸಿದರೆ ಲೋಹ ಅದರ ಮಡಿಲಲ್ಲಿ ಹೋಗಿ ಕೂರುತ್ತದೆ, ಬಣ್ಣ ಬದಲಾಗುತ್ತದೆ. ಮೊದಲನೇ ಪುಡಿ ಕೋಬಾಲ್ಟ್, ಕಂದು. ಎರಡನೆಯದು ನಿಕ್ಕಲ್, ಕಿತ್ತಳೆ. ಮೂರನೆಯದು ತಾಮ್ರ, ಹಸಿರು. ನಾಲ್ಕನೆಯದು ಸತು, ಬಿಸಿಲಿಗೆ ಮಾಸಿದ ಬಟ್ಟೆಯಂಥ ತಿಳಿ ಹಳದಿ. ಸತುವನ್ನು ಆ ಲೋಹಗಳ ಕುಲಕ್ಕೆ ಸೇರಿಸಬೇಕೋ ಬೇಡವೋ ಎಂದು ಪಂಡಿತರು ಇವತ್ತಿಗೂ ಜಗಳವಾಡುತ್ತಾರೆ. ಜಗಳವಾಡಲಿ ಬಿಡಿ, ಅವರಿಗೆ ಬೇರೇನು ಕೆಲಸ.

ಪುಡಿ ಆದ ಮೇಲೆ ಅದು ಬ್ಯಾಕ್ಟೀರಿಯಾ ಕೊಲ್ಲುತ್ತದೋ ನೋಡಬೇಕು. ಪ್ಲೇಟಿನಲ್ಲಿ ಅಗರ್ ಹೆಪ್ಪುಗಟ್ಟಿಸಿ, ಮೇಲೆ ಬ್ಯಾಕ್ಟೀರಿಯಾ ಸವರಿ, ಸಣ್ಣ ಗುಳಿ ಕೊರೆದು, ಪುಡಿಯ ದ್ರಾವಣ ತುಂಬಿ ಒಂದು ದಿನ ಬೆಚ್ಚಗಿಡುತ್ತಾರೆ. ಪ್ಲೇಟೆಲ್ಲ ಮಂಜು ಕವಿದಂತೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಔಷಧದ ಗುಣ ಇದ್ದ ಕಡೆ ಗುಳಿಯ ಸುತ್ತ ತಿಳಿಯಾದ ಒಂದು ವೃತ್ತ ಉಳಿಯುತ್ತದೆ. ಪ್ರಯೋಗಾಲಯದ ಮಾತಿನಲ್ಲಿ ಅದು ‘ಜೋನ್’. ಕೋಬಾಲ್ಟ್, ನಿಕ್ಕಲ್, ತಾಮ್ರ ಯಾವತ್ತೂ ಹತ್ತು ಹನ್ನೊಂದನ್ನು ದಾಟಿದ್ದಿಲ್ಲ. ಆದರೆ ಯಾರೂ ಲೆಕ್ಕಕ್ಕಿಡದ ನಾಲ್ಕನೇ ಪುಡಿ ಮೊದಲ ಸಲ ಇಪ್ಪತ್ತನಾಲ್ಕು ಕೊಟ್ಟಿತ್ತು, ಎರಡನೇ ಸಲ ಇಪ್ಪತ್ತಮೂರು. ಐದನೇ ಅಧ್ಯಾಯ ನಿಂತಿದ್ದೇ ಆ ಎರಡು ಅಂಕಿಗಳ ಮೇಲೆ. ಮೂರು ಸಲ ಮಾಡಿ ಸರಾಸರಿ ಬರೆಯಬೇಕು, ಅದು ನಿಯಮ. ಮೂರನೇ ಸಲ ಬಂದದ್ದು ಈ ದರಿದ್ರ ಒಂಬತ್ತು.

ಪ್ಲೇಟನ್ನು ಕೈಯಲ್ಲಿ ಹಿಡಿದೇ ಅವಳು ಮೇಷ್ಟ್ರ ಕೋಣೆಗೆ ಹೋದಳು.

ಮೇಷ್ಟ್ರು ಎಂದರೆ ಅವಳ ಗೈಡ್. ಶುಕ್ರವಾರ ಸಂಜೆ ಐದಕ್ಕೆ ಅವರು ನಿವೃತ್ತರಾಗುತ್ತಿದ್ದರು. ಕೋಣೆಯ ಅರ್ಧ ಆಗಲೇ ರಟ್ಟಿನ ಪೆಟ್ಟಿಗೆಗಳಿಗೆ ಇಳಿದಿತ್ತು. ಅವರ ಸಹಿ ಶುಕ್ರವಾರ ಐದರ ತನಕ ಸಹಿ, ಐದರ ಮೇಲೆ ಬರೀ ಗೀಚು. ಅಷ್ಟರೊಳಗೆ ಅವಳ ಥೀಸಿಸ್ಸಿಗೆ ಅದು ಬೀಳದಿದ್ದರೆ ಹೊಸ ಗೈಡು, ಹೊಸ ವಿಷಯ, ಹೊಸ ನೋಂದಣಿ, ಮೊದಲಿನಿಂದ. ಅವಳ ಅವಧಿಯನ್ನು ಆಗಲೇ ಎರಡು ಸಲ ವಿಸ್ತರಿಸಿದ್ದರು. ಮೂರನೇ ಸಲ ಇಲ್ಲ ಎಂದು ಆಫೀಸಿನವರು ಕಾಗದ ಕಳಿಸಿದ್ದರು. ಪದವಿ ಇಲ್ಲದವರಿಗೆ ಬರುವ ಟರ್ಮಿನಿಂದ ಗಂಟೆ ಲೆಕ್ಕದ ಪಾಠವೂ ಇಲ್ಲ ಎಂದು ಬೆಳಗಿನ ಕಾಲೇಜಿನವರು ಹೇಳಿಯಾಗಿತ್ತು. ಅತ್ತ ದರಿ, ಇತ್ತ ಪುಲಿ ಅನ್ನುತ್ತಾರಲ್ಲ, ಹಾಗೆ.

“ಒಂಬತ್ತು ಬಂತು ಸಾರ್,” ಅಂದಳು.

ಮೇಷ್ಟ್ರು ಪ್ಲೇಟಿನ ಕಡೆ ತಲೆ ಎತ್ತಲೂ ಇಲ್ಲ. “ಎಲ್ಲೋ ಕೈ ತಪ್ಪಿದೆ. ಬಿಡು ಅದನ್ನ. ಇಪ್ಪತ್ತನಾಲ್ಕು, ಇಪ್ಪತ್ತಮೂರು ಇದೆಯಲ್ಲ? ಇನ್ನೊಂದು ಪ್ಲೇಟ್ ಹಾಕು.”

“ಅದೂ ಒಂಬತ್ತೇ ಬಂದ್ರೆ?”

“ಏನಮ್ಮಾ ನೀನು. ಮದುವೆ ಮಂಟಪದಲ್ಲಿ ಕೂತು ಗಂಡು ಸರಿಯಿದೆಯಾ ಅಂತ ಕೇಳ್ತೀಯ. ಶುಕ್ರವಾರ ಮಧ್ಯಾಹ್ನದೊಳಗೆ ಬೈಂಡ್ ಮಾಡ್ಸಿ ತಂದುಬಿಡು. ಕೊನೇಲಿ ತಾತನ ಪ್ಯಾರಾ ಹಾಕಿದೀಯ ತಾನೆ?”

“ಹಾಕಿದೀನಿ ಸಾರ್.”

ತಾತನ ಪ್ಯಾರಾ ಎಂದರೆ, ಲೋಹ ಸೇರಿದ ಪುಡಿ ಏಕೆ ಹೆಚ್ಚು ಕೊಲ್ಲುತ್ತದೆ ಎಂದು ವಿವರಿಸುವ ಹತ್ತು ಸಾಲು. ಲೋಹ ಒಳಗೆ ಕೂತಾಗ ಅಣುವಿನ ವಿದ್ಯುದಂಶ ಹರಡಿಕೊಳ್ಳುತ್ತದೆ, ಆಗ ಅದು ಬ್ಯಾಕ್ಟೀರಿಯಾದ ಕೊಬ್ಬಿನ ಪೊರೆಯನ್ನು ಸಲೀಸಾಗಿ ದಾಟುತ್ತದೆ, ಇತ್ಯಾದಿ. ಮೇಷ್ಟ್ರ ಮೇಷ್ಟ್ರು ಅದನ್ನು ಎಲ್ಲಿಂದಲೋ ಇಳಿಸಿಕೊಂಡಿದ್ದರು, ಅವರಿಂದ ಮೇಷ್ಟ್ರು, ಮೇಷ್ಟ್ರಿಂದ ಹದಿನೇಳು ಶಿಷ್ಯರು. ಮಾತು ತಪ್ಪೆಂದು ಯಾರೂ ಹೇಳಲಾರರು. ಆದರೆ ಆ ಕಟ್ಟಡದಲ್ಲಿ ಅದನ್ನು ಪರೀಕ್ಷೆ ಮಾಡಿ ಬರೆದವರು ಒಬ್ಬರೂ ಇರಲಿಲ್ಲ. ಮನೆಯ ಹಳೇ ಪಾತ್ರೆಯ ಹಾಗೆ ಒಬ್ಬರ ಕೈಯಿಂದ ಒಬ್ಬರಿಗೆ ಬಂದಿತ್ತು, ಅಷ್ಟೆ.

ಮೇಷ್ಟ್ರ ಥೀಸಿಸ್ಸಿನಲ್ಲೂ ಸತುವಿನ ಪುಡಿಯೇ ಗೆದ್ದಿತ್ತು. ಇಪ್ಪತ್ತೈದು ಮಿಲಿಮೀಟರ್. ಕೊನೆಯ ಸಾಲಿನಲ್ಲಿ ‘ಈ ಸಂಯುಕ್ತ ಮುಂದಿನ ಅಧ್ಯಯನಕ್ಕೆ ಅರ್ಹವಾಗಿದೆ’ ಎಂದು ಅವರು ಬರೆದಿದ್ದರು. ಎಂಟು ವರ್ಷದ ಹಿಂದೆ ಅಕ್ಕ ಆ ಸಾಲನ್ನು ಓದಿ, ನಂಬಿ, ಬಂದಳು. ನಂಬಿದ್ದು ತಪ್ಪಲ್ಲ. ಅಚ್ಚಾದದ್ದನ್ನು ನಂಬದೆ ಏನು ಮಾಡುತ್ತಾರೆ?

ಅಲ್ಲಿಂದ ಹೊರಬಿದ್ದವಳು ನೆಲಮಾಳಿಗೆಯ ತೊಳೆಯುವ ಕೋಣೆಗೆ ಹೋದಳು. ಬಳಸಿದ ಪ್ಲೇಟನ್ನು ಅಲ್ಲಿ ದೊಡ್ಡಣ್ಣನಿಗೆ ಒಪ್ಪಿಸಬೇಕು. ದೊಡ್ಡಣ್ಣ ಅಟೆಂಡರು. ಎಲ್ಲರ ಎಂಜಲು ಗಾಜನ್ನು ಮೂವತ್ತೆರಡು ವರ್ಷದಿಂದ ತೊಳೆದವನು. ಕೈಬೆರಳ ತುದಿಗಳು ಯಾವಾಗಲೂ ನೆನೆದು ಬಿಳುಚಿಕೊಂಡಿರುತ್ತಿದ್ದವು. ಪ್ಲೇಟುಗಳಲ್ಲಿ ಬ್ಯಾಕ್ಟೀರಿಯಾ ಬದುಕಿರುತ್ತವಾದ್ದರಿಂದ ಅವನ್ನು ಮೊದಲು ಆಟೋಕ್ಲೇವಿನಲ್ಲಿ ಹಬೆಗೆ ಬೇಯಿಸಿ ಆಮೇಲೆ ತೊಳೆಯಬೇಕು. ದೊಡ್ಡಣ್ಣ ಅದಕ್ಕೆ ಕುಕ್ಕರ್ ಅನ್ನುತ್ತಿದ್ದ, ಬ್ಯಾಕ್ಟೀರಿಯಾಕ್ಕೆ ಹುಳ ಅನ್ನುತ್ತಿದ್ದ. ಯಾರಾದರೂ ತಿದ್ದಲು ಹೋದರೆ “ನನ್ನ ಹುಳ ನನ್ನ ಕುಕ್ಕರ್, ನಿಮಗೇನು ಕಷ್ಟ” ಎನ್ನುತ್ತಿದ್ದ.

ಅಕ್ಕ ಸ್ಟೂಲು ಎಳೆದು ಧಪ್ಪೆಂದು ಕೂತಳು. ಆ ಕಟ್ಟಡದಲ್ಲಿ ಅವಳು ಹೀಗೆ ಕೂರುತ್ತಿದ್ದ ಜಾಗ ಅದೊಂದೇ.

“ಏನಮ್ಮಾ, ಮುಖ ಒಣಗಿದ ಸ್ಪಂಜಿನ ಹಾಗಾಗಿದೆ?”

“ಸುಸ್ತಾಗಿದೆ ದೊಡ್ಡಣ್ಣ. ಈ ಪುಡಿ ಒಂದು ದಿನ ಕೆಲಸ ಮಾಡುತ್ತೆ, ಒಂದು ದಿನ ಮುನಿಸ್ಕೊಳ್ಳುತ್ತೆ. ಯಾಕೆ ಅಂತ ಆ ದೇವರಿಗೇ ಗೊತ್ತು.”

ದೊಡ್ಡಣ್ಣ ಪ್ಲೇಟು ಇಸಿದುಕೊಂಡ. ಮುಚ್ಚಳ ಸ್ವಲ್ಪವೇ ಸರಿಸಿದ, ಮತ್ತೆ ಮುಚ್ಚಿದ. ಏನೋ ಹೇಳಲು ಬಾಯಿ ತೆರೆದವನು ಹೇಳದೆ ನಲ್ಲಿ ತಿರುಗಿಸಿದ.

“ಏನು, ಹೇಳಿ.”

“ಏನಿಲ್ಲ ಬಿಡಮ್ಮ. ತೊಳೆಯೋನು ತೊಳ್ಕೊಂಡಿರ್ಬೇಕು.”

ಇದು ಅವನ ಮಾಮೂಲಿ ಮಾತು. ಯಾರು ಏನು ಕೇಳಿದರೂ, ರಾಜಕೀಯವಾಗಲಿ ಹವಾಮಾನವಾಗಲಿ, ಕೊನೆಗೆ ಇದನ್ನೇ ಅಂದು ನಗುತ್ತಿದ್ದ. ಬೇರೆ ದಿನವಾಗಿದ್ದರೆ ಅವಳೂ ನಕ್ಕು ಎದ್ದುಹೋಗುತ್ತಿದ್ದಳು. ಅವತ್ತು ಏಳಲು ಶಕ್ತಿ ಇರಲಿಲ್ಲ.

“ಹೇಳಿ ದೊಡ್ಡಣ್ಣ. ನನಗೆ ಹೇಳೋರು ಯಾರೂ ಉಳಿದಿಲ್ಲ.”

ದೊಡ್ಡಣ್ಣ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಗೋಡೆ ನೋಡುತ್ತ ಹೇಳಿದ: “ನಿಮ್ಮ ಪುಡಿ ಕೆಲಸ ಮಾಡಿದ ದಿನ, ಕುಕ್ಕರ್ ಮುಚ್ಚಳ ತೆಗೆದ್ರೆ ಹಬೆ ಜೊತೆಗೆ ಆ ಬಾಟ್ಲಿ ವಾಸನೆ ಬರುತ್ತೆ. ಕೆಲಸ ಮಾಡದ ದಿನ ಬರಲ್ಲ. ಈ ಪ್ಲೇಟಲ್ಲಿ ಇಲ್ಲ ನೋಡಿ.”

“ಯಾವ ಬಾಟ್ಲಿ?”

“ಅದೇ, ನೀವು ಮೊದಲು ಕುದಿಸ್ತೀರಲ್ಲ ಎಣ್ಣೆಯಂಥದ್ದು. ಕಹಿ ಬಾದಾಮಿ ವಾಸನೇದು. ಆ ಫ್ಲಾಸ್ಕು ತೊಳೆಯೋನು ನಾನೇ ಅಲ್ವಾ, ಮೂಗಿಗೆ ಗೊತ್ತು.”

ಅಕ್ಕ ತಟ್ಟನೆ ಎದ್ದಳು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಪ್ರಯೋಗಾಲಯದ ಫ್ರಿಜ್ಜು ತೆರೆದಳು.

ಫ್ರಿಜ್ಜಿನಲ್ಲಿ ನಾಲ್ಕನೇ ಪುಡಿಯ ಎರಡು ಸೀಸೆಗಳಿದ್ದವು. ಒಂದು ಸೀಸೆ ತಿಂಗಳ ಹಿಂದಿನದು. ನಾಲ್ಕನೇ ಪುಡಿ ಪ್ರತಿ ಸಲವೂ ಚಿಟಿಕೆಯಷ್ಟೇ ಸಿಗುತ್ತಿದ್ದುದರಿಂದ ಮಿಕ್ಕ ದ್ರಾವಣವನ್ನು ಎಸೆಯಲು ಮನಸ್ಸು ಬಾರದೆ ಅವಳು ಎತ್ತಿಟ್ಟುಕೊಳ್ಳುತ್ತಿದ್ದಳು. ಬೇರೆ ಪುಡಿಗಳನ್ನಾದರೆ ಆಯಾ ದಿನವೇ ಕರಗಿಸುತ್ತಿದ್ದಳು. ಇಪ್ಪತ್ತನಾಲ್ಕೂ ಇಪ್ಪತ್ತಮೂರೂ ಈ ಸೀಸೆ ಹಳತಾದ ಮೇಲೆ ಹಾಕಿದ ಪ್ಲೇಟಿನವೇ. ಮೂರನೇ ಸಲಕ್ಕೆ ಅದು ಸಾಲದೆಂದು ಶನಿವಾರ ಹೊಸದಾಗಿ ಕಲಸಿದ್ದು ಇನ್ನೊಂದು ಸೀಸೆ. ಹೊಸ ಸೀಸೆ ಫ್ರಿಜ್ಜಿನ ತಣುವಿಗೆ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಹಳೆಯದು ನೀರಿನ ಹಾಗೆ ಅಲುಗಾಡುತ್ತಿತ್ತು. ಪುಡಿ ಕರಗಿಸುವ ಆ ದ್ರಾವಕ ಶುದ್ಧವಾಗಿದ್ದರೆ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಲೇಬೇಕು. ಹೆಪ್ಪುಗಟ್ಟದಿದ್ದರೆ ಗಾಳಿಯ ತೇವ ಕುಡಿದಿದೆ ಎಂದೇ ಅರ್ಥ. ಇದನ್ನು ಅವಳು ತಿಂಗಳಿಂದ ದಿನಾ ನೋಡಿದ್ದಳು. ನೋಡಿಯೂ ನೋಡಿರಲಿಲ್ಲ, ಮಂಕು ಮುಂಡೇದು ಎಂದು ತನ್ನನ್ನು ತಾನೇ ಬೈದುಕೊಂಡಳು.

ಹಳೇ ಸೀಸೆಯ ಮುಚ್ಚಳ ತೆಗೆದು ಮೂಸಿದಳು. ಮೂಸಬಾರದು ಎಂದು ಗೋಡೆಯ ಮೇಲೆ ಬರೆದಿತ್ತು. ಇರಲಿ.

ಕಹಿ ಬಾದಾಮಿ. ಆಲ್ಡಿಹೈಡಿನ ವಾಸನೆ.

ನೀರು ಹೊರಟರೆ ಕೂಡಿಕೊಳ್ಳುವ ಜೋಡಿ, ನೀರು ಮರಳಿದರೆ ಬಿಟ್ಟುಬಿಡುತ್ತದೆ. ಮೊದಲ ವರ್ಷದ ಹುಡುಗರಿಗೆ ಅವಳೇ ಪಾಠ ಹೇಳುವ ಸಂಗತಿ ಇದು. ಕೋಬಾಲ್ಟ್, ನಿಕ್ಕಲ್, ತಾಮ್ರ ಬಿಗಿಯಾಗಿ ಹಿಡಿದುಕೊಂಡಿದ್ದವು, ಸತುವಿನ ಹಿಡಿತ ಸಡಿಲ. ತಿಂಗಳಿಡೀ ಸೀಸೆಯೊಳಗೆ ನಾಲ್ಕನೇ ಪುಡಿ ಬಿಚ್ಚಿಕೊಂಡು, ಮತ್ತೆ ಆಲ್ಡಿಹೈಡೇ ಆಗಿ ಕೂತಿತ್ತು. ಬ್ಯಾಕ್ಟೀರಿಯಾ ಸತ್ತದ್ದು ಅವಳು ಮಾಡಿದ ಪುಡಿಯಿಂದ ಅಲ್ಲ, ಅಂಗಡಿಯಿಂದ ತಂದ ಬಾಟಲಿಯ ಎಣ್ಣೆಯಿಂದ. ಹಾಗಿದ್ದರೆ ಈ ಎಂಟು ವರ್ಷ ಅವಳು ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಕೆಲಸ.

ಆದರೂ ‘ಹಾಗಿದ್ದರೆ’ ಎಂಬುದು ವಿಜ್ಞಾನವಲ್ಲ. ಅವಳು ಹೊಸ ಪ್ಲೇಟು ಹಾಕಿದಳು. ನಾಲ್ಕು ಗುಳಿ. ಒಂದಕ್ಕೆ ಹೊಸ ಸೀಸೆ, ಒಂದಕ್ಕೆ ಹಳೇ ಸೀಸೆ, ಒಂದಕ್ಕೆ ಬರೀ ದ್ರಾವಕ. ನಾಲ್ಕನೆಯದಕ್ಕೆ ಬರೀ ಆಲ್ಡಿಹೈಡ್. ಆ ಪ್ರಯೋಗಾಲಯದಲ್ಲಿ ಸಾವಿರಾರು ಪ್ಲೇಟು ಹಾಕಿದ್ದರು. ಪುಡಿ ಹಾಕಿದ್ದರು, ದ್ರಾವಕ ಹಾಕಿದ್ದರು, ಅಂಗಡಿಯ ಔಷಧ ಹಾಕಿದ್ದರು. ಕುದಿಸುವ ಮೊದಲಿನ ಆ ಎಣ್ಣೆಗೆ ಮಾತ್ರ ಯಾರೂ ಒಂದು ಗುಳಿ ಕೊರೆದಿರಲಿಲ್ಲ. ಅಡುಗೆಗೆ ಮುಂಚೆ ಹಸಿ ತರಕಾರಿಯ ರುಚಿ ನೋಡುವವರು ಯಾರು?

ಮಂಗಳವಾರ ಮಧ್ಯಾಹ್ನ ಅಳೆದಳು. ಹೊಸ ಸೀಸೆ ಒಂಬತ್ತು. ಹಳೇ ಸೀಸೆ ಇಪ್ಪತ್ತಮೂರು. ದ್ರಾವಕ ಆರು, ಅಂದರೆ ಬರೀ ಗುಳಿ. ಆಲ್ಡಿಹೈಡ್ ಇಪ್ಪತ್ತಾರು.

ಅವಳಿಗೆ ಅಳು ಬರಲಿಲ್ಲ. ಅಳಲೂ ಒಂದಿಷ್ಟು ತ್ರಾಣ ಬೇಕು. ಪ್ಲೇಟನ್ನು ಫ್ರಿಜ್ಜಿನಲ್ಲಿಟ್ಟು, ಬೀಗ ಹಾಕಿ, ಎರಡು ಬಸ್ಸು ಬದಲಿಸಿ ಮನೆಗೆ ಹೋದಳು.

ಮನೆಯಲ್ಲಿ ಮಾವ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಗಂಡ ಲಾರಿ ಓಡಿಸುವವನು, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ಮಗಳನ್ನು ಶಾಲೆಗೆ ಬಿಟ್ಟು ಕರೆತರುವುದು, ಕುಕ್ಕರ್ ಕೂಗಿಸುವುದು ಎಲ್ಲ ಮಾವನೇ. ಹೊಲಿಗೆ ಅಂಗಡಿ ಮುಚ್ಚಿ ಆರು ವರ್ಷವಾದರೂ ಬೀದಿಯ ಅರ್ಧ ಜನರ ಹರಿದದ್ದು ಇನ್ನೂ ಅವರ ಕೈಯಲ್ಲೇ ಕೂಡುತ್ತಿತ್ತು. ಸೊಸೆ ಔಷಧ ಕಂಡುಹಿಡಿಯುತ್ತಾಳೆ ಎಂದು ಅವರು ಆ ಬೀದಿಗೆಲ್ಲ ಸಾರಿದ್ದರು. ಎದುರುಮನೆಯಾತ ತನ್ನ ತುರಿಕೆಗೆ ಒಂದು ಚಿಟಿಕೆ ಪುಡಿ ಕೊಡಿಸಿ ಎಂದು ಕೇಳಿಕೊಂಡು ಬಂದು ಹೋಗಿದ್ದ.

“ಬೇಗ ಬಂದೆ? ಸಹಿ ಆಯ್ತಾ?” ಎಂದರು ಮಾವ.

ಅವಳು ಗೋಡೆಗೊರಗಿ ಕೂತು ಎಲ್ಲ ಹೇಳಿದಳು. ಮಾವನಿಗೆ ಅಣು ಗಿಣು ಅರ್ಥವಾಗದಿದ್ದರೂ ಸಂಗತಿ ಅರ್ಥವಾಯಿತು.

“ಅಂದ್ರೆ, ಹೊಲಿಗೆ ಬಿಟ್ಕೊಂಡು ಮತ್ತೆ ಬರೀ ಬಟ್ಟೆ ಆಗಿದೆ ಅಂತೀಯ.”

“ಹೂಂ ಮಾವ.”

“ಹೊರಗಿನಿಂದ ನೋಡಿದ್ರೆ ಗೊತ್ತಾಗುತ್ತಾ?”

“ಇಲ್ಲ. ಯಾರಿಗೂ ಗೊತ್ತಾಗಲ್ಲ.”

“ಹಾಗಾದ್ರೆ ಕೊಟ್ಟುಬಿಡು ತಾಯಿ. ಒಳಗಡೆ ಹೊಲಿಗೆ ಯಾರು ತಿರುಗಿಸಿ ನೋಡ್ತಾರೆ? ನಾನೇನು ನಲವತ್ತು ವರ್ಷ ಎಲ್ಲಾ ನೆಟ್ಟಗೆ ಹೊಲಿದ್ನಾ? ಮೊದಲು ಪದವಿ ತಗೋ, ಆಮೇಲೆ ಸತ್ಯ ಹೇಳು, ಯಾರು ಬೇಡ ಅಂದ್ರು.”

ಅಕ್ಕನಿಗೆ ಆಗ ಸಿಟ್ಟು ಬಂತು. ಇಷ್ಟು ವರ್ಷದಲ್ಲಿ ಮಾವನ ಮುಂದೆ ಅವಳು ದನಿ ಎತ್ತಿದ್ದಿಲ್ಲ.

“ನಾನು ಹೀಗೇ ಬರೆದಿದ್ದನ್ನ ನಂಬ್ಕೊಂಡು ಬಂದವಳು ಮಾವ! ‘ಮುಂದಿನ ಅಧ್ಯಯನಕ್ಕೆ ಅರ್ಹ’ ಅಂತ ಒಂದು ಸಾಲು. ಆ ಒಂದು ಸಾಲಿಗೆ ಈ ಮಗು ಜ್ವರ ಬಂದು ಮಲಗಿದಾಗ್ಲೂ ನಾನು ಫ್ಲಾಸ್ಕ್ ಮುಂದೆ ನಿಂತಿದ್ದೆ. ಈಗ ನಾನೂ ಅದೇ ಸಾಲು ಬರೀಲಾ? ಇನ್ಯಾವ ಮನೆ ಹೆಣ್ಣು ಅದನ್ನ ಓದಿ, ನಂಬಿ, ಎರಡೆರಡು ಬಸ್ಸು ಬದಲಾಯಿಸ್ಕೊಂಡು ಬರ್ಬೇಕು?”

ಹೋಂವರ್ಕ್ ಮಾಡುತ್ತಿದ್ದ ಮಗಳು ಪೆನ್ಸಿಲ್ ಎತ್ತಿಕೊಂಡು ಅಮ್ಮನನ್ನೇ ನೋಡಿದಳು. ಮಾವ ಸೂಜಿಗೆ ದಾರ ಪೋಣಿಸಲು ಎರಡು ಸಲ ಹೋಗಿ ತಪ್ಪಿದರು. ಮೂರನೇ ಸಲ ಪೋಣಿಸಿಕೊಂಡು ಮೆಲ್ಲಗೆ ಕೇಳಿದರು:

“ಸರಿ. ಬೀದಿಯವರಿಗೆ ನಾನೇನು ಹೇಳ್ಲಿ, ಅದನ್ನ ಹೇಳು.”

“ಔಷಧ ಅಲ್ಲ ಅಂತ ಗೊತ್ತಾಯ್ತು ಅಂತ ಹೇಳಿ.”

“ಅದಕ್ಕೆ ಎಂಟು ವರ್ಷ ಬೇಕಿತ್ತಾ ಅಂತಾರೆ.”

“ಅನ್ಲಿ ಬಿಡಿ,” ಅಂದಳು. ಅವಳಿಗೂ ಅದೇ ಅನಿಸುತ್ತಿತ್ತು.

ಬುಧವಾರ, ಗುರುವಾರ ಕಾಲೇಜಿಗೆ ರಜೆ ಹಾಕಿ ಐದನೇ ಅಧ್ಯಾಯವನ್ನು ಕಿತ್ತು ಮತ್ತೆ ಬರೆದಳು. ಇನ್ನೆರಡು ಪ್ಲೇಟು ಹಾಕಿದಳು, ಅಂಕಿ ಅವೇ ಬಂದವು. ನಾಲ್ಕು ಗುಳಿಗಳ ಚಿತ್ರ ಹಾಕಿದಳು. ನಾಲ್ಕನೇ ಪುಡಿ ತೇವದಲ್ಲಿ ಬಿಚ್ಚಿಕೊಳ್ಳುತ್ತದೆ, ಗುಣ ಪುಡಿಯದ್ದಲ್ಲ, ಆಲ್ಡಿಹೈಡಿನದ್ದು ಎಂದು ನೇರವಾಗಿ ಬರೆದಳು. ಈ ಹಿಂದೆ ಇದೇ ಪ್ರಯೋಗಾಲಯದಿಂದ ವರದಿಯಾದ ಇಪ್ಪತ್ತೈದು ಮಿಲಿಮೀಟರಿಗೂ ಬಹುಶಃ ಇದೇ ಕಾರಣ ಎಂಬ ಸಾಲು ಬರೆಯುವಾಗ ಕೈ ತಡೆಯಿತು. ಆ ಅಂಕಿ ಮೇಷ್ಟ್ರದ್ದು. ಅವರ ಪದವಿ, ಅವರ ಕೆಲಸ, ಅವರ ಹದಿನೇಳು ಶಿಷ್ಯರು ಎಲ್ಲರ ಬುಡದಲ್ಲಿದ್ದ ಅಂಕಿ. ಅದು ಸುಳ್ಳೆನ್ನುವ ಪುಸ್ತಕಕ್ಕೆ, ಕೆಲಸದ ಕೊನೆಯ ದಿನ, ಅವರೇ ಸಹಿ ಹಾಕಬೇಕು. ಹಾಕುತ್ತಾರೆಯೇ? ಅವಳಾಗಿದ್ದರೆ ಹಾಕುತ್ತಿದ್ದಳೇ? ಗೊತ್ತಿಲ್ಲ. ಸಾಲನ್ನು ಬರೆದಳು. ತಾತನ ಪ್ಯಾರಾ ತೆಗೆದಳು. ಅಧ್ಯಾಯದ ಕೊನೆಗೆ ಎಲ್ಲ ಥೀಸಿಸ್ಸಿನಲ್ಲೂ ಬರುವ ಆ ಮಾತನ್ನು ಮಾತ್ರ ಅಭ್ಯಾಸಬಲದಿಂದ ಸೇರಿಸಿದಳು: ‘ಈ ಸಂಗತಿಯನ್ನು ಇದುವರೆಗೆ ಯಾರೂ ಗಮನಿಸಿರುವುದಿಲ್ಲ.’

ಶುಕ್ರವಾರ ಹನ್ನೆರಡಕ್ಕೆ ಅವಳು ಮೇಷ್ಟ್ರ ಕೋಣೆಗೆ ಹೋದಾಗ ಗೋಡೆಗಳು ಬೋಳಾಗಿದ್ದವು. ಮೂರಕ್ಕೆ ಬೀಳ್ಕೊಡುಗೆ. ಮೇಲಿನ ಹಾಲಿನಲ್ಲಿ ಕುರ್ಚಿ ಎಳೆಯುವ ಸದ್ದು ಆಗಲೇ ಶುರುವಾಗಿತ್ತು. ಮೇಷ್ಟ್ರು ಹೊಸ ಶರ್ಟು ಹಾಕಿಕೊಂಡಿದ್ದರು, ಕಾಲರಿನ ಹತ್ತಿರ ಗುಂಡುಸೂಜಿಯೊಂದು ತೆಗೆಯದೆ ಉಳಿದಿತ್ತು.

“ಬಾ ಬಾ. ಪೆನ್ನು ರೆಡಿ ಇದೆ,” ಎಂದು ಕೊನೆಯ ಪುಟಕ್ಕೆ ತಿರುವಲು ಹೋದರು.

“ಸಾರ್, ಮೊದಲು ಐದನೇ ಅಧ್ಯಾಯ ಓದಿ.”

“ಓದಿದೀನಲ್ಲಮ್ಮ.”

“ಇದು ಬೇರೆ, ಸಾರ್.” ಪಕ್ಕದಲ್ಲಿ ಪ್ಲೇಟನ್ನೂ ಇಟ್ಟಳು.

ಮೇಷ್ಟ್ರು ಓದತೊಡಗಿದರು. ಮೊದಲ ಪುಟದಲ್ಲಿ ಹುಬ್ಬು ಏರಿತು. ಎರಡನೇ ಪುಟದಲ್ಲಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಇಪ್ಪತ್ತೈದು ಮಿಲಿಮೀಟರಿನ ಸಾಲು ಬಂದ ಕಡೆ ಬೆರಳು ನಿಂತುಬಿಟ್ಟಿತು. ಅಕ್ಕ ನಿಂತೇ ಇದ್ದಳು. ಕೂರು ಎಂದು ಅವರು ಹೇಳಲಿಲ್ಲ, ಅವಳಿಗೂ ಕೂರಬೇಕೆನಿಸಲಿಲ್ಲ. ಅವಳು ಗಡಿಯಾರ ನೋಡಿದಳು, ಗುಂಡುಸೂಜಿ ನೋಡಿದಳು, ಪೆನ್ನು ನೋಡಿದಳು. ಬೈದುಬಿಡಲಿ, ಪುಸ್ತಕ ಮುಖಕ್ಕೆ ಎಸೆದುಬಿಡಲಿ, ಒಮ್ಮೆ ಮುಗಿದರೆ ಸಾಕು ಅನಿಸಿತು.

“ತಪ್ಪಿದೆ ಇದರಲ್ಲಿ,” ಎಂದರು ಮೇಷ್ಟ್ರು.

ಅವಳು ಪ್ಲೇಟನ್ನು ಅವರ ಮುಂದಕ್ಕೆ ಸರಿಸಿದಳು. “ಮೂರು ಸಲ ಮಾಡಿದೀನಿ ಸಾರ್. ಮೂರು ಸಲಾನೂ ಅಂಕಿ...”

“ಅಂಕಿ ಸರಿಯಿದೆ. ಇಲ್ಲಿ ನೋಡು.” ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. “‘ಯಾರೂ ಗಮನಿಸಿರುವುದಿಲ್ಲ’ ಅಂತ ಬರೆದಿದೀಯ. ಸುಳ್ಳು. ಗಮನಿಸಿದ್ದ.”

“ಯಾರು ಸಾರ್?”

ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

“ಮೂವತ್ತೊಂದು ವರ್ಷದ ಹಿಂದೆ. ನಾನೂ ನಿನ್ನ ಹಾಗೇ ಬರೆದು ಮುಗಿಸ್ತಿದ್ದೆ. ಆಗ ನಮಗೆಲ್ಲ ಸೇರಿ ಒಂದೇ ದ್ರಾವಕದ ಬಾಟ್ಲಿ, ಅದರ ಬಿರಡೆ ಸರಿಯಾಗಿ ಕೂರ್ತಾನೇ ಇರ್ಲಿಲ್ಲ. ಪ್ಲೇಟ್ ಕೊಡೋಕೆ ಕೆಳಗಡೆ ಹೋಗಿದ್ದೆ. ಅವನು ಆಗ ಹೊಸಬ, ಮೀಸೆ ಕೂಡ ಸರಿಯಾಗಿ ಬಂದಿರ್ಲಿಲ್ಲ. ‘ಸಾರ್, ನಿಮ್ಮ ಪ್ಲೇಟು ಆ ಬಾಟ್ಲಿ ವಾಸನೆ ಹೊಡೀತಿದೆ’ ಅಂದ. ಅವತ್ತೇ ನನಗೆ ಗೊತ್ತಾಯ್ತಮ್ಮ. ಗೊತ್ತಾಗದೆ ಇರುತ್ತಾ? ನನ್ನ ಮದುವೆ ನಿಶ್ಚಯ ಆಗಿತ್ತು, ಕೆಲಸ ಕೊಡ್ತೀವಿ ಅಂದಿದ್ರು. ನಾನು ಎಲ್ಲರ ಮುಂದೆ ಅವನ ಮೇಲೆ ಹಾರಿಬಿದ್ದೆ.”

ಮೇಷ್ಟ್ರ ದನಿ ಇಳಿಯಿತು.

“‘ತೊಳೆಯೋನು ತೊಳ್ಕೊಂಡಿರು’ ಅಂದಿದ್ದೆ.”

ಅಕ್ಕ ಈಗ ಕೂತಳು. ಯಾರೂ ಹೇಳದೆಯೇ, ರಟ್ಟಿನ ಪೆಟ್ಟಿಗೆಯೊಂದರ ಮೇಲೆ ಕೂತಳು. ಎಂಟು ವರ್ಷ ಆ ಮಾತು ಕೇಳಿ ಅವಳು ನಕ್ಕಿದ್ದಳು.

ಮೇಷ್ಟ್ರು ಪೆನ್ನು ತೆಗೆದುಕೊಂಡು ಕೊನೆಯ ಸಾಲನ್ನು ಹೊಡೆದುಹಾಕಿದರು. ಅಂಚಿನಲ್ಲಿ ನಿಧಾನವಾಗಿ ಬರೆದರು: ‘ಇದನ್ನು ಮೊದಲು ಗಮನಿಸಿದವರು ಈ ಪ್ರಯೋಗಾಲಯದ ಅಟೆಂಡರ್, ಮೂವತ್ತೊಂದು ವರ್ಷಗಳ ಹಿಂದೆ.’ ಆಮೇಲೆ ಪುಟ ತಿರುವಿ ಸಹಿ ಹಾಕಿದರು. ಐದಕ್ಕೆ ಇನ್ನೂ ಹೊತ್ತಿತ್ತು, ಸಹಿ ಸಹಿಯೇ.

“ಆ ಪುಟ ಮತ್ತೆ ಟೈಪ್ ಮಾಡ್ಸು. ಪರೀಕ್ಷಕರು ಏನಂತಾರೋ ನಾನು ಹೇಳಲಾರೆ. ವಾಪಸ್ ಕಳಿಸಿದ್ರೂ ಕಳಿಸಬಹುದು, ಇನ್ನೊಂದು ವರ್ಷ ಎಳೆದಾಡಬಹುದು. ಸಹಿ ಆಗಿದೆ, ನೋಂದಣಿ ಸಾಯಲ್ಲ.”

“ನಿಮಗೆ, ಸಾರ್?” ಅಂದಳು ಅಕ್ಕ. ಕೇಳಬಾರದಿತ್ತು, ಬಾಯಿಂದ ಬಂದುಬಿಟ್ಟಿತು.

“ನನಗೇನು? ಐದು ಗಂಟೆಗೆ ಹಾರ ಹಾಕಿ ಕಳಿಸ್ತಾರೆ.” ನಗಲು ನೋಡಿದರು, ಆಗಲಿಲ್ಲ. “ಎಂಟು ವರ್ಷ ನಿನ್ನನ್ನ ನನ್ನ ಸಾಲಿನ ಹಿಂದೆ ಓಡಿಸಿದೆ. ನೀನು ಇಪ್ಪತ್ತನಾಲ್ಕು, ಇಪ್ಪತ್ತಮೂರು ಅಂದಾಗೆಲ್ಲ, ಇರಬಹುದೇನೋ, ನಿಜ ಇರಬಹುದೇನೋ ಅಂತ ಆಸೆ ಪಡ್ತಿದ್ದೆ. ಇಂಥ ಮೂರ್ಖ ನಾನು.”

ಅವಳಿಗೆ ಅವರ ಮೇಲೆ ಕೋಪ ಬರಬೇಕಿತ್ತು. ಬಂತು ಕೂಡ, ಆದರೆ ಅದು ಎದ್ದು ನಿಲ್ಲದಷ್ಟು ದಣಿದಿತ್ತು. ಅವಳು ಪುಸ್ತಕ ಎತ್ತಿಕೊಂಡಳು. ಪ್ಲೇಟಿಗೆ ಕೈ ಚಾಚಿದಾಗ ಮೇಷ್ಟ್ರು “ಅದನ್ನ ನಾನು ತರ್ತೀನಿ” ಎಂದರು.

ಇಬ್ಬರೂ ಕೆಳಗಿಳಿದರು. ಮೇಷ್ಟ್ರು ತೊಳೆಯುವ ಕೋಣೆಯ ಬಾಗಿಲಲ್ಲಿ ನಿಂತು ಒಳಗೆಲ್ಲ ನೋಡಿದರು. ಎಷ್ಟು ವರ್ಷದಿಂದ ಅವರು ಅಲ್ಲಿಗೆ ಬಂದಿರಲಿಲ್ಲವೋ, ಬಲ್ಬಿನ ಸ್ವಿಚ್ಚು ಎಲ್ಲಿದೆ ಎಂದೂ ಅವರಿಗೆ ತಿಳಿಯಲಿಲ್ಲ. ದೊಡ್ಡಣ್ಣ ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಎದ್ದ.

“ಏನ್ ಸಾರ್, ಇಲ್ಲಿ? ಹೇಳಿಕಳಿಸಿದ್ರೆ ನಾನೇ ಬರ್ತಿರ್ಲಿಲ್ವಾ?”

ಮೇಷ್ಟ್ರು ಸಿಂಕಿನ ಹತ್ತಿರ ಹೋಗಿ ಪ್ಲೇಟಿನ ಮುಚ್ಚಳಕ್ಕೆ ಕೈ ಹಾಕಿದರು, ಇನ್ನೊಂದು ಕೈ ನಲ್ಲಿಗೆ ಹೋಯಿತು. ಹೊಸ ಶರ್ಟಿನ ತೋಳು ಆಗಲೇ ಅರ್ಧ ಒದ್ದೆಯಾಗಿತ್ತು.

“ತಡೀರಿ ತಡೀರಿ ಸಾರ್!” ದೊಡ್ಡಣ್ಣ ಗಾಬರಿಯಿಂದ ಕೈ ಅಡ್ಡ ಹಿಡಿದ. “ಹಾಗೆಲ್ಲ ತೊಳೆಯಂಗಿಲ್ಲ. ಮೊದಲು ಕುಕ್ಕರಿಗೆ ಹಾಕ್ಬೇಕು. ಹುಳ ಇನ್ನೂ ಬದುಕಿರ್ತವೆ.”

ಮೇಷ್ಟ್ರು ಹಾಗೇ ನಿಂತರು. “ನನಗೆ ಗೊತ್ತಿಲ್ಲಪ್ಪ,” ಎಂದರು. “ಎಲ್ಲಿಡ್ಲಿ, ಹೇಳು. ಈ ಸಲ ಕೇಳ್ತೀನಿ.”

ದೊಡ್ಡಣ್ಣ ಅವರ ಮುಖ ನೋಡಿದ, ಅಕ್ಕನ ಮುಖ ನೋಡಿದ, ಅವಳ ಕೈಯಲ್ಲಿದ್ದ ಪುಸ್ತಕ ನೋಡಿದ. ಅವನಿಗೆ ಅರ್ಥವಾಯಿತು. ಒದ್ದೆ ಬೆರಳಿನಿಂದ ಮೂಲೆಯ ತಂತಿ ಬುಟ್ಟಿ ತೋರಿಸಿದ. ಮೇಷ್ಟ್ರು ಹೋಗಿ ಪ್ಲೇಟನ್ನು ಅದರಲ್ಲಿಟ್ಟು ಬಂದರು.